ಬೆನ್ನ ಮೇಲಿನ ಹೆಸರು

ಪೋರ್ಟ್ ಹಾರ್ಲನ್, ಒಹಾಯೋ
ಜನವರಿ 7, 1997

ಪ್ರೀತಿಯ ಕೋರಿನ್,

ನಿನ್ನ ಮನೆಯ ಫೋನನ್ನು ಎತ್ತುವುದು ಆ ಯಂತ್ರ ಮಾತ್ರ. "ನಾವು ಮನೆಯಲ್ಲಿಲ್ಲ" ಎಂದು ನಗುತ್ತ ಹೇಳುತ್ತೀಯ, ಆಮೇಲೆ ಕುಯ್ ಅನ್ನುತ್ತದೆ. ಮನೆಯಲ್ಲಿಲ್ಲ ಅನ್ನುವುದು ಸುಳ್ಳು. ನಿನ್ನೆ ನಾನೇ ಬಂದಿದ್ದೆ. ಕಾರು ನಿಂತಿತ್ತು, ಪರದೆ ಎಳೆದಿತ್ತು, ಗಂಟೆ ಒತ್ತಿ ಒತ್ತಿ ಬೆರಳು ಮರಗಟ್ಟಿತು. ಎಲೆಕೋಸಿನ ಸುರುಳಿ ಮಾಡಿ ತಂದಿದ್ದೆ, ಪಾತ್ರೆಯನ್ನು ಮೆಟ್ಟಿಲ ಮೇಲೆ ಇಟ್ಟು ಬಂದೆ. ಪಾತ್ರೆ ಕೊಡುವ ನೆಪದಲ್ಲಾದರೂ ಒಮ್ಮೆ ಬಾ.

ಭಾನುವಾರದ ಫುಟ್‌ಬಾಲ್ ಆಟವೇ ಇನ್ನೂ ಕಣ್ಣ ಮುಂದಿದೆ. ನಮ್ಮ ಫೆರಿಮೆನ್ ತಂಡ ಇನ್ನೊಂದು ಆಟ ಗೆದ್ದರೆ ಫೈನಲ್. ನಿನ್ನ ವೇಡ್ ಎಸೆದ ಚೆಂಡು ಮೂರನೆಯ ಸಲವೂ ಎದುರಾಳಿಯ ಕೈಗೇ ಹೋಯಿತು. ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡೆ. ಬೈಗುಳ ಬರಲಿಲ್ಲ. ಸದ್ದೇ ನಿಂತುಹೋಯಿತು. ಅರವತ್ತು ಸಾವಿರ ಜನ ಇರುವ ಕಡೆ ಸದ್ದು ನಿಂತರೆ ಹೇಗಿರುತ್ತದೆ ಗೊತ್ತಾ? ಆಮೇಲೆ ಎಲ್ಲರೂ ಮೈದಾನಕ್ಕೆ ಬೆನ್ನು ಹಾಕಿದರು.

ಈ ಊರಿನ ಜನ ಮೈದಾನಕ್ಕೆ ಬೆನ್ನು ತಿರುಗಿಸಿ ನಿಂತದ್ದನ್ನು ನಾನು ಮೊದಲು ನೋಡಿದ್ದು ನೀನು ಮೂರು ವರ್ಷದವಳಿದ್ದಾಗ. ಆಗಿನ ಮಾಲೀಕ ತಂಡವನ್ನೇ ಬೇರೆ ಊರಿಗೆ ಮಾರಲು ಹೊರಟಿದ್ದ. ನಿನ್ನಪ್ಪ ನನ್ನ ಭುಜ ಹಿಡಿದು ತಿರುಗಿಸಿ, "ಬಯ್ಯೋಕೂ ಲಾಯಕ್ಕಿಲ್ಲದವನಿಗೆ ಮಾತ್ರ ಇದು, ಬರ್ನಿಸ್. ಇನ್ನೊಂದ್ಸಲ ನಾವು ಇದನ್ನ ನೋಡಲ್ಲ" ಅಂದಿದ್ದ. ಪುಣ್ಯಾತ್ಮ, ಅವನು ನೋಡಲಿಲ್ಲ. ನಾನು ನೋಡಿದೆ. ಅದೂ ವೇಡ್‌ಗೆ! ಮುರಿದ ಪಕ್ಕೆಲುಬು ಕಟ್ಟಿಕೊಂಡು ಈ ಊರಿಗಾಗಿ ಆಡಿದ ಹುಡುಗನಿಗೆ!

ನನ್ನ ಹೊಲಿಗೆ ಅಂಗಡಿಗೆ ಬಟ್ಟೆ ತಿದ್ದಿಸಲು ಬಂದವರೆಲ್ಲ ಈಗ ನ್ಯಾಯಾಧೀಶರೇ. ತಪ್ಪು ತರಬೇತುದಾರ ಹಾಸ್ಕಿನ್ಸ್‌ನದು ಎಂದು ಒಬ್ಬ ಅನ್ನುತ್ತಾನೆ, ಇನ್ನೊಬ್ಬ ವೇಡ್‌ನನ್ನು ಕಾಯಬೇಕಾದ ಆ ಐದು ಜನ ದಡಿಯರದು ಅನ್ನುತ್ತಾನೆ. ಒಬ್ಬ ಮಹಾನುಭಾವ, "ಮದ್ವೆ ಆದ್ಮೇಲೆ ಅವನ ಗಮನ ಆಟದ ಮೇಲಿಲ್ಲ" ಅಂದ. ನಾನು ಯಾರ ತಾಯಿ ಅಂತ ಅವನಿಗೆ ಗೊತ್ತಿರಲಿಲ್ಲ. ಅವನ ಪ್ಯಾಂಟಿಗೆ ಪಕ್ಕಕ್ಕೆ ಇಸ್ತ್ರಿ ಗೆರೆ ಹಾಕಿ ಕಳಿಸಿದ್ದೇನೆ.

ಎಲ್ಮರ್ ಜೊತೆ ಮಾತು ಬಿಟ್ಟಿದ್ದೇನೆ. ಇಷ್ಟು ವರ್ಷ ಆಟಕ್ಕೆ ನನ್ನ ಹಿಂದಿನ ಸಾಲಿನಲ್ಲಿ ಕೂತವನು, ನಿನ್ನಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಕಾರಣ ಬರೆಯಹೊರಟರೆ ಬೈಗುಳವೇ ಬರುತ್ತದೆ, ಬಿಡು.

ವೇಡ್‌ಗೆ ಹೇಳು, ಕೋಚ್ ಕೇಳುತ್ತಿದ್ದಾಳೆ ಅಂತ. ಮೊದಲ ಸಲ ಊಟಕ್ಕೆ ಬಂದಾಗ ಆಲೂಗಡ್ಡೆ ಬಡಿಸುತ್ತ, ಎಸೆಯುವಾಗ ಎಡಗಾಲು ಎಲ್ಲಿಡಬೇಕು ಎಂದು ನಾನು ಹೇಳಿಕೊಟ್ಟೆನಲ್ಲ, ಅಂದಿನಿಂದ ಅವನಿಗೆ ನಾನು ಕೋಚ್. ಅವನ ಬಾಯಲ್ಲಿ ಆ ಹೆಸರು ಕೇಳಿದರೆ ನನಗೆ ಸಮಾಧಾನ.

ನಿನ್ನ ಅಮ್ಮ


ಫೆಬ್ರವರಿ 11, 1997

ಪ್ರೀತಿಯ ಕೋರಿನ್,

ಇವತ್ತು ಈಸ್ಟರ್ ಉಪವಾಸದ ದಿನಗಳಿಗೆ ಮುಂಚಿನ ಮಂಗಳವಾರ. ಎಂದಿನಂತೆ ಪೂಂಚ್ಕಿ ಉಂಡೆ ಕರಿದೆ, ಒಳಗೆ ಪ್ಲಮ್ ಜ್ಯಾಮು. ಜೂನಿ "ಅಜ್ಜಿ" ಎಂದು ಓಡಿಬಂದು ಮೂಗಿಗೆಲ್ಲ ಸಕ್ಕರೆ ಪುಡಿ ಮೆತ್ತಿಕೊಳ್ಳುತ್ತಾಳೆ ಎಂದು ಸಂಜೆಯವರೆಗೂ ಬಾಗಿಲ ಕಡೆ ನೋಡಿದೆ. ಕೊನೆಗೆ ಅಂಚೆಯವನಿಗೆ ಕೊಟ್ಟೆ.

ಹಾಸ್ಕಿನ್ಸ್‌ನನ್ನು ತೆಗೆದುಹಾಕಿದರು, ಕೇಳಿರಬೇಕು. ಊರು ಹಬ್ಬ ಮಾಡಿತು. ಎರಡು ದಿನವಾದ ಮೇಲೆ, "ಪಾಪ, ಅವನೊಬ್ಬನದೇ ತಪ್ಪಾ?" ಎಂದು ರಾಗ ಎಳೆಯತೊಡಗಿತು. ಈ ಜನಕ್ಕೆ ತಪ್ಪು ಯಾರ ತಲೆಗೆ ಕಟ್ಟಿದರೂ ಸಮಾಧಾನವಿಲ್ಲ.

ನನ್ನ ಮೇಲೆ ಏನು ಸಿಟ್ಟು, ಮಗಳೇ? ಬೈಯುವುದಿದ್ದರೆ ಬೈ. ಬಾಯಿಗೆ ಬಂದ ಹಾಗೆ ಬೈ. ಹೀಗೆ ಸುಮ್ಮನಿರಬೇಡ.

ಅಮ್ಮ


ಮಾರ್ಚ್ 20, 1997

ಕೋರಿನ್,

ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ರೇಡಿಯೋದವನು ಹವಾಮಾನ ಓದಿದ, ಎಣ್ಣೆ ಕಂಪನಿಯ ಜಾಹೀರಾತು ಹಾಕಿದ, ಆಮೇಲೆ ಅದೇ ಉಸಿರಿನಲ್ಲಿ, "ಫೆರಿಮೆನ್ ತಂಡ ವೇಡ್ ಟ್ರಸ್ಕಾಟ್‌ರನ್ನು ಆಲ್ಬಕರ್ಕಿಗೆ ಬಿಟ್ಟುಕೊಟ್ಟಿದೆ" ಅಂದ. ಸೂಜಿ ನನ್ನ ಬೆರಳಿಗೆ ಹೋಯಿತು. ಮದುವಣಗಿತ್ತಿಯೊಬ್ಬಳ ಬಿಳಿ ಬಟ್ಟೆಯ ಮೇಲೆ ರಕ್ತ.

ಬಿಟ್ಟುಕೊಟ್ಟರಂತೆ! ಹಳೇ ಸೋಫಾ ಬಿಟ್ಟುಕೊಟ್ಟ ಹಾಗೆ! ಮಾಲೀಕನ ಕಚೇರಿಗೆ ಫೋನು ಮಾಡಿ, "ನಾನು ವೇಡ್‌ನ ಅತ್ತೆ, ನಿಮ್ಮ ಯಜಮಾನನನ್ನು ಕರೀರಿ" ಅಂದೆ. ಆ ಹುಡುಗಿ, "ಅಮ್ಮಾ, ಬೆಳಿಗ್ಗೆಯಿಂದ ನೀವು ನಾಲ್ಕನೇ ಅತ್ತೆ" ಅಂದಳು. ನನಗೆ ನಗು ಬರಬೇಕಿತ್ತು, ಅಳು ಬಂತು.

ನಿಮ್ಮ ಮನೆಗೆ ಓಡಿಬಂದೆ. ಮಾರಾಟದ ಫಲಕ ಹಾಕಿತ್ತು. ಕಿಟಕಿಯಿಂದ ಇಣುಕಿದರೆ ಒಳಗೆ ಒಂದು ಕುರ್ಚಿಯೂ ಇರಲಿಲ್ಲ. ನನ್ನ ಎಲೆಕೋಸಿನ ಪಾತ್ರೆ ಮಾತ್ರ ಮೆಟ್ಟಿಲ ಮೇಲೆ ಹಾಗೇ ಇತ್ತು, ಮೇಲೆ ಹಿಮ ಕರಗಿ ನೀರು ನಿಂತಿತ್ತು. ಚೆಲ್ಲಿ ಮನೆಗೆ ತಂದೆ.

ಹೇಳದೆ ಹೋಗಿಬಿಟ್ಟಿರಾ? ಅವರು ನಿಮ್ಮನ್ನು ಹೊರಗೆ ಹಾಕಿದರು, ಸರಿ. ನೀವು ನನ್ನನ್ನು ಯಾಕೆ ಹೊರಗೆ ಹಾಕಿದಿರಿ?

ತಂಡದ ಕಚೇರಿಯ ಮೂಲಕ ಈ ಪತ್ರ ಕಳಿಸುತ್ತಿದ್ದೇನೆ. ತಲುಪುತ್ತದೋ ಇಲ್ಲವೋ.

ಅಮ್ಮ


ಆಲ್ಬಕರ್ಕಿ, ನ್ಯೂ ಮೆಕ್ಸಿಕೋ
ಏಪ್ರಿಲ್ 9, 1997

ಅಮ್ಮ,

ಪತ್ರ ತಲುಪಿತು. ಮೊದಲಿನ ಎರಡನ್ನೂ ನಾನು ಒಡೆದಿರಲಿಲ್ಲ. ಈಗ ಮೂರನ್ನೂ ಓದಿದೆ. ಓದಿ ಮೈಯೆಲ್ಲ ಉರಿಯಿತು. ಏನೂ ಆಗಿಲ್ಲವೆಂಬಂತೆ ಹೇಗೆ ಬರೆಯುತ್ತೀಯ?

ನಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ. ವೇಡ್ ತಾನೇ ಕೇಳಿಕೊಂಡ. ಆ ಆಟದ ಮರುದಿನ ಮಾಲೀಕನ ಮನೆಗೆ ಹೋಗಿ, "ನನ್ನನ್ನ ಎಲ್ಲಿಗಾದ್ರೂ ಕಳಿಸಿಬಿಡಿ" ಅಂದ. ಆ ಮುದುಕ ಬೇಡವೆಂದು ಅತ್ತನಂತೆ. ಊರು ಯಾರು ಯಾರನ್ನೋ ಬೈಯುತ್ತಿದೆ, ಬೈಯಲಿ. ನಿಜ ಗೊತ್ತಿರುವುದು ನಮ್ಮಿಬ್ಬರಿಗೆ. ಈಗ ನಿನಗೂ ಹೇಳುತ್ತೇನೆ.

ಪ್ರತಿ ಆಟದ ಮೊದಲು ಅವನು ನಿನ್ನ ಕಡೆ ನೋಡಿ ಹೆಲ್ಮೆಟ್ ಮುಟ್ಟಿಕೊಳ್ಳುತ್ತಿದ್ದ, ನೀನು ಅಪ್ಪ ಸೀಟಿಗೆ ಹಾಕಿಕೊಳ್ಳುತ್ತಿದ್ದ ಹಸಿರು ದಿಂಬು ಎತ್ತಿ ತೋರಿಸುತ್ತಿದ್ದೆ. ಕುಟುಂಬದವರ ಬೆಚ್ಚಗಿನ ಕೋಣೆಗೆ ಬಾ ಎಂದು ಎಷ್ಟು ಕರೆದರೂ ನೀನು ಬರುತ್ತಿರಲಿಲ್ಲ, ಆ ದಿಂಬು ಅವನಿಗೆ ಕಾಣಬೇಕು ಅಂತ. ಅವತ್ತು ಸದ್ದು ನಿಂತಾಗ ಅವನು ಮೊದಲು ತಲೆ ಎತ್ತಿ ನೋಡಿದ್ದು ನಿನ್ನ ಸೀಟಿನ ಕಡೆಗೆ. ನಾನೂ ನೋಡಿದೆ. ನಮ್ಮ ಕೋಣೆ ಮೈದಾನದ ಆಚೆ ನಿನ್ನ ಸಾಲಿಗೆ ಸರಿಯಾಗಿ ಎದುರು. ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಹಸಿರು ಜೆರ್ಸಿ, ಒಳಗಿನ ದಪ್ಪ ಕೋಟಿನಿಂದ ಉಬ್ಬಿದ ನಿನ್ನ ಬೆನ್ನು. ನಿನ್ನ ಬೆನ್ನು, ಅಮ್ಮ.

ಕಾರು ಅವನೇ ಓಡಿಸಿದ. ಮನೆಗೆ ಬಂದು ಗ್ಯಾರೇಜಿನಲ್ಲಿ ಬೂಟು ಬಿಚ್ಚುತ್ತ, "ಕೋಚ್ ಕೂಡ" ಅಂದ. ಅಷ್ಟೇ.

ಅರವತ್ತು ಸಾವಿರ ಜನರನ್ನು ಅವನು ತಡೆದುಕೊಳ್ಳುತ್ತಿದ್ದ. ಇನ್ನು ಬರೆಯಬೇಡ.

ಕೋರಿನ್


ಪೋರ್ಟ್ ಹಾರ್ಲನ್
ಏಪ್ರಿಲ್ 14, 1997

ಕೋರಿನ್,

ಬರೆಯಬೇಡ ಅಂದರೂ ಬರೆಯುತ್ತೇನೆ. ನಿನ್ನ ಪತ್ರ ಓದಿ ಅಡುಗೆಮನೆಯ ನೆಲದ ಮೇಲೆ ಕೂತೆ. ಅಲ್ಲೇ ಮತ್ತೆ ಮೊದಲಿಂದ ಓದಿದೆ. ಮೂರು ತಿಂಗಳಿಂದ ಹಾಸ್ಕಿನ್ಸ್‌ನನ್ನು, ಮಾಲೀಕನನ್ನು, ಆ ದಡಿಯರನ್ನು ಶಪಿಸುತ್ತಿದ್ದೆ. ತಪ್ಪಿತಸ್ಥಳು ನಾನಂತೆ!

ಏನಾಯಿತು ಕೇಳು. ಸದ್ದು ನಿಂತಿತು. ಹಿಂದೆ ಕಾಂಕ್ರೀಟಿನ ಮೇಲೆ ಬೂಟು ಉಜ್ಜಿದ ಶಬ್ದ. ಹೊರಳಿ ನೋಡಿದರೆ ಎಲ್ಮರ್‌ನ ಬೆನ್ನು. ಅವನ ಹಿಂದಿನ ಸಾಲು, ಅದರ ಹಿಂದಿನದು, ತುದಿಯವರೆಗೂ ಬರೀ ಬೆನ್ನು. ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಎದ್ದು ಪೂರ್ತಿ ತಿರುಗಿ ನಿಂತು, ನಿನ್ನಪ್ಪನ ದಿಂಬಿನಿಂದ ಎಲ್ಮರ್‌ನ ತಲೆಗೆ ಬಾರಿಸಿದೆ.

"ತಿರುಗೋ ಈ ಕಡೆ! ಅವನೇನು ನಿನ್ನ ಮನೆ ಮಾರಿದ್ನಾ?"

"ಬರ್ನಿಸ್, ಸುಮ್ನಿರು. ಎಲ್ಲಾ ತಿರುಗಿದ್ದಾರೆ."

"ನಿನ್ನ ತಲೆ ಎಲ್ಲರ ಹತ್ರ ಅಡ ಇಟ್ಟಿದ್ದೀಯೇನೋ? ತಿರುಗು! ನನ್ನ ಗಂಡ ಸ್ಟಾನ್ ಇದ್ದಿದ್ರೆ ನಿನ್ನ ಮುಖಕ್ಕೆ ಉಗೀತಿದ್ದ!"

ಅವನು ತಿರುಗಲಿಲ್ಲ. ಇನ್ನೆರಡು ಬಾರಿಸಿದೆ. ದಿಂಬಿನ ಹೊಲಿಗೆ ಬಿಚ್ಚಿಕೊಂಡಿತು. ನಾನು ಮೈದಾನದ ಕಡೆ ಮುಖ ಮಾಡುವ ಹೊತ್ತಿಗೆ ವೇಡ್ ತಲೆ ತಗ್ಗಿಸಿ ಒಳಗೆ ನಡೆದುಹೋಗುತ್ತಿದ್ದ. ಪಾಪ, ನಾಚಿಕೆಯಿಂದ ಈ ಕಡೆ ನೋಡುತ್ತಿಲ್ಲ ಅಂದುಕೊಂಡೆ. ಅವನು ಆಗಲೇ ನೋಡಿಯಾಗಿತ್ತು ಅನ್ನುವುದು ನನಗೇನು ಗೊತ್ತು?

ನನ್ನ ಬೆನ್ನು ನನಗೆ ಕಾಣುವುದಿಲ್ಲ, ಕೋರಿನ್. ಅದು ಅವನಿಗೆ ಏನು ಹೇಳಿತು ಅನ್ನುವುದು ಇವತ್ತು ನಿನ್ನ ಪತ್ರದಿಂದ ತಿಳಿಯಿತು. ನಾನು ತಿರುಗಿದ್ದು ಅವರನ್ನು ತಿರುಗಿಸಲು. ಅವನಿಗಾಗಿ ಜಗಳ ಆಡುತ್ತಿದ್ದಾಗಲೇ ಅವನ ಎದೆಗೆ ಒದ್ದ ಹಾಗಾಯಿತಲ್ಲ!

ಸಿಟ್ಟೂ ಬರುತ್ತಿದೆ. ಬಚ್ಚಿಡುವುದಿಲ್ಲ. ನಾನು ಹೆತ್ತ ಮಗಳು ನೀನು. ಒಂದು ಮಾತು ಕೇಳಬಹುದಿತ್ತು. "ಅಮ್ಮ, ಯಾಕೆ ತಿರುಗಿದೆ?" ಅಂತ ಒಂದೇ ಒಂದು ಮಾತು.

ಇದನ್ನು ವೇಡ್‌ಗೆ ಓದಿ ಹೇಳು. ಕೈಮುಗಿದು ಕೇಳುತ್ತೇನೆ.

ಅಮ್ಮ


ಆಲ್ಬಕರ್ಕಿ
ಜೂನ್ 22, 1997

ಅಮ್ಮ,

ಓದಿ ಹೇಳಿದೆ. ಎರಡು ತಿಂಗಳು ಬೇಕಾಯಿತು, ನನಗೆ ಧೈರ್ಯ ಬರಲು. ಅವನು ಕೇಳಿ, "ಅಮ್ಮ ಅಲ್ವಾ, ಹಾಗೇ ಬರೀಬೇಕು" ಅಂದ. ಸಿಟ್ಟಿನಿಂದಲ್ಲ, ಮೆತ್ತಗೆ ಅಂದ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ನನಗೆ ನಿನ್ನನ್ನು ನಂಬಬೇಕು ಅನ್ನಿಸುತ್ತದೆ. ದಿಂಬಿನಿಂದ ಹೊಡೆದಿರುತ್ತೀಯ, ಅದು ನೀನೇ. ಆದರೆ ಕಣ್ಣು ಮುಚ್ಚಿದರೆ ನಿನ್ನ ಬೆನ್ನೇ ಕಾಣುತ್ತದೆ, ನಾನೇನು ಮಾಡಲಿ?

ಹೋದ ವಾರ ನಡೆದದ್ದು ಹೇಳುತ್ತೇನೆ. ಪೆಟ್ಟಿಗೆ ಬಿಚ್ಚುವಾಗ ಜೂನಿಗೆ ಅವಳಪ್ಪನ ಹಳೇ ಹಸಿರು ಜೆರ್ಸಿ ಸಿಕ್ಕಿತು. ಪಾದದವರೆಗೆ ಬರುತ್ತದೆ, ಅದನ್ನೇ ಹಾಕಿಕೊಂಡು ಹಿತ್ತಲಲ್ಲಿ ಓಡಿದಳು. ವೇಡ್ ಜಗಲಿಯ ಮೇಲೆ ಕೂತು ಹಸಿಮೆಣಸಿನಕಾಯಿ ಸುಡುತ್ತಿದ್ದ. ಇದ್ದಕ್ಕಿದ್ದಂತೆ, "ಜೂನಿ, ತಿರುಗು! ಈ ಕಡೆ ತಿರುಗು!" ಎಂದು ಕಿರುಚಿದ. ಅವನು ಹಾಗೆ ಕಿರುಚಿದ್ದನ್ನು ನಾನು ಕೇಳಿಯೇ ಇಲ್ಲ. ಮಗು ಬೆದರಿ ಅತ್ತಿತು. ಅವನ ಮುಖ ಸುಣ್ಣದಂತಾಗಿತ್ತು.

ಆಮೇಲೆ ಹೇಳಿದ. ಅವತ್ತು ಜನ ತಿರುಗಿದಾಗ ಅವನಿಗೆ ಕಂಡದ್ದು ಬರೀ ಬೆನ್ನಲ್ಲವಂತೆ. ಎಲ್ಲರೂ ಅವನ ಜೆರ್ಸಿಯನ್ನೇ ಕೋಟಿನ ಮೇಲೆ ಹಾಕಿಕೊಂಡಿದ್ದರಲ್ಲ. ಟ್ರಸ್ಕಾಟ್, ಟ್ರಸ್ಕಾಟ್, ಟ್ರಸ್ಕಾಟ್. ಸಾಲುಸಾಲಿಗೂ ಅವನ ಹೆಸರು. "ನನ್ನ ಹೆಸರೇ ನನಗೆ ಬೆನ್ನು ಹಾಕಿ ನಿಂತಿತ್ತು, ಕೋರಿನ್. ನಿಮ್ಮಮ್ಮನ ಬೆನ್ನ ಮೇಲೂ ಅದೇ ಇತ್ತು" ಅಂದ. ಆ ಕೋಣೆಯ ಗಾಜಿನ ಹಿಂದೆ ನಿಂತು ನಾನೂ ಅದನ್ನೇ ನೋಡುತ್ತಿದ್ದೆ, ಆದರೆ ಓದಿರಲಿಲ್ಲ.

ಅಕ್ಟೋಬರಿನಲ್ಲಿ ಆಲ್ಬಕರ್ಕಿ ತಂಡ ಪೋರ್ಟ್ ಹಾರ್ಲನ್‌ಗೆ ಬರುತ್ತದೆ. ನಾನು ಬರುವುದಿಲ್ಲ. ಅವನು ಬರಲೇಬೇಕು. ಜನ ಮತ್ತೆ ತಿರುಗುತ್ತಾರೆ ಎಂದು ಪತ್ರಿಕೆಗಳಲ್ಲಿ ಈಗಲೇ ಬರುತ್ತಿದೆ. ಅಮ್ಮ, ದಯವಿಟ್ಟು ಅವತ್ತು ನೀನು ಹೋಗಬೇಡ. ಆ ಸೀಟು ಖಾಲಿ ಇದ್ದರೆ ಅವನು ಹೇಗೋ ಆಡಿ ಮುಗಿಸುತ್ತಾನೆ.

ಕೋರಿನ್


ಪೋರ್ಟ್ ಹಾರ್ಲನ್
ಸೆಪ್ಟೆಂಬರ್ 29, 1997

ಪ್ರೀತಿಯ ಕೋರಿನ್,

ನಾನು ಹೋಗುತ್ತೇನೆ. ಆ ಸೀಟು ನಿನ್ನಪ್ಪ ಹೊಟ್ಟೆ ಬಟ್ಟೆ ಕಟ್ಟಿ ತೆಗೆದುಕೊಟ್ಟದ್ದು. ಅದನ್ನು ಖಾಲಿ ಬಿಟ್ಟರೆ ಅದೂ ಒಂದು ಬೆನ್ನೇ.

ಬೇಸಿಗೆಯಿಡೀ ಜನ ಜೆರ್ಸಿ ಹಿಡಿದುಕೊಂಡು ಅಂಗಡಿಗೆ ಬಂದರು. "ಟ್ರಸ್ಕಾಟ್ ಬಿಚ್ಚಿ, ಹೊಸಬನ ಹೆಸರು ಹಾಕ್ಕೊಡಿ" ಅನ್ನುತ್ತಾರೆ. ಮೊದಲನೆಯವನಿಗೆ ಸೂಜಿ ಮುರಿದಿದೆ ಅಂದೆ. ಎರಡನೆಯವಳಿಗೆ ದಾರ ಮುಗಿದಿದೆ ಅಂದೆ. ಮೂರನೆಯವನಿಗೆ ಬಾಗಿಲು ತೋರಿಸಿದೆ. ಈಗ ಎಲ್ಲರೂ ಆಚೆ ಬೀದಿಯ ಅಂಗಡಿಗೆ ಹೋಗುತ್ತಾರೆ, ಅವಳಿಗೆ ಭಾರೀ ವ್ಯಾಪಾರ.

ನಿನ್ನೆ ಎಲ್ಮರ್ ಬಂದ. ಜನವರಿಯಿಂದ ನಮ್ಮಿಬ್ಬರಿಗೆ ಮಾತಿಲ್ಲ. ಕೈಯಲ್ಲಿ ಅದೇ ಹಸಿರು ಜೆರ್ಸಿ.

"ಸೂಜಿ ಮುರಿದಿದೆ" ಅಂದೆ.

"ಬಿಚ್ಚೋಕೆ ತಂದಿಲ್ಲ ಮಹರಾಯ್ತಿ. ತೋಳು ಹರಿದಿದೆ, ಒಂದೆರಡು ಹೊಲಿಗೆ ಹಾಕು."

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ವೇಡ್ ತಾನಾಗಿಯೇ ಹೋದದ್ದು, ನನ್ನ ಬೆನ್ನು ನೋಡಿ ಹೋದದ್ದು, ನಾನು ತಿರುಗಿದ್ದು ಎಲ್ಮರ್‌ಗೆ ಬಾರಿಸಲು ಅನ್ನುವುದು. ಅವನ ಆ ದೊಡ್ಡ ದೇಹ ನನ್ನ ಸಣ್ಣ ಸ್ಟೂಲಿನ ಮೇಲೆ ಕುಸಿಯಿತು.

"ಇಷ್ಟು ಜನ ತಿರುಗಿದ್ದಾರೆ, ನಾನೊಬ್ಬ ತಿರುಗಿದ್ರೆ ಏನಾಗುತ್ತೆ ಅಂದ್ಕೊಂಡೆ, ಬರ್ನಿಸ್."

"ಅರವತ್ತು ಸಾವಿರ ಜನಾನೂ ಅದೇ ಅಂದ್ಕೊಂಡ್ರು, ಎಲ್ಮರ್."

ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. "ನಾನು ಅವನಿಗೆ ಫೋನ್ ಮಾಡಿ ಹೇಳ್ಲಾ?" ಅಂದ. ಬೇಡ ಅಂದೆ. ಮಾತಿನಿಂದ ಆಗುವುದಿದ್ದರೆ ನನ್ನ ಪತ್ರದಿಂದಲೇ ಆಗುತ್ತಿತ್ತು. ಅವನ ಜೆರ್ಸಿಯ ತೋಳು ಹೊಲಿದುಕೊಟ್ಟೆ. ಬೇಕಂತಲೇ ಸ್ವಲ್ಪ ಬಿಗಿ ಹಿಡಿದೆ.

ನಿನ್ನಪ್ಪನ ದಿಂಬಿಗೂ ಹೊಲಿಗೆ ಹಾಕಿದ್ದೇನೆ. ಇನ್ನೊಂದು ಹೊಲಿಗೆ ಕೆಲಸ ಬಾಕಿ ಇದೆ, ಆಟದ ಹೊತ್ತಿಗೆ ಮುಗಿಯುತ್ತದೆ. ನಿನಗೆ ಸಿಟ್ಟು ಬಂದರೆ ಬರಲಿ.

ಅಮ್ಮ


ಆಲ್ಬಕರ್ಕಿ
ಅಕ್ಟೋಬರ್ 14, 1997

ಕೋಚ್‌ಗೆ,

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ಬರೆಯಲೇಬೇಕು ಎಂದು ಕೋರಿನ್ ಪೆನ್ನು ಕೈಗೆ ಕೊಟ್ಟು ಎದುರಿಗೇ ಕೂತಿದ್ದಾಳೆ. ಟಿವಿ ನೋಡಿದಾಗಿನಿಂದ ಅಳುತ್ತಿದ್ದಾಳೆ, ನಡುವೆ ನಗುತ್ತಾಳೆ.

ಭಾನುವಾರ ನಾನು ಮೈದಾನಕ್ಕೆ ಕಾಲಿಟ್ಟ ಕೂಡಲೇ ಶುರುವಾಯಿತು. ಮೊದಲು ಮೇಲಿನ ಸಾಲುಗಳು, ಆಮೇಲೆ ಕೆಳಗಿನವು. ಬರುತ್ತದೆಂದು ಗೊತ್ತಿತ್ತು. ಈ ಸಲ ಕೆಲವು ಬೆನ್ನುಗಳ ಮೇಲೆ ಹೊಸ ಹುಡುಗನ ಹೆಸರು, ಕೆಲವು ಬೋಳು. ನಿಮ್ಮ ಸೀಟಿನ ಕಡೆ ನೋಡಬಾರದು ಎಂದು ವಿಮಾನದಲ್ಲೇ ಆಣೆ ಮಾಡಿಕೊಂಡಿದ್ದೆ. ಕತ್ತು ನನ್ನ ಮಾತು ಕೇಳಲಿಲ್ಲ.

ಅಷ್ಟು ಬೆನ್ನುಗಳ ನಡುವೆ ನಿಮ್ಮ ಮುಖ. ಕೆಂಪಗಾಗಿತ್ತು, ಬಾಯಿ ದೊಡ್ಡದಾಗಿ ತೆರೆದಿತ್ತು. ಯಾರನ್ನೋ ಬೈಯುತ್ತಿದ್ದಿರಿ, ಆದರೆ ಈ ಸಲ ಮೈದಾನದ ಕಡೆ ಮುಖ ಮಾಡಿಯೇ ಬೈಯುತ್ತಿದ್ದಿರಿ. ತಲೆಯ ಮೇಲೆ ಎತ್ತಿ ಹಿಡಿದ ಆ ಹಸಿರು ದಿಂಬು. ಮತ್ತೆ ಎದೆಯ ಮೇಲೆ ನನ್ನ ಹೆಸರು. ಮೊದಲು ಅರ್ಥವಾಗಲಿಲ್ಲ. ಹೆಸರು ಬೆನ್ನಿಗಲ್ಲವೇ ಇರುವುದು? ಒಂದೊಂದೇ ಅಕ್ಷರ ಬಿಚ್ಚಿ ಮುಂದೆ ಹೊಲಿದುಕೊಂಡಿದ್ದೀರಿ ಎಂದು ಹೊಳೆದಾಗ ಕಾಲು ನೆಲಕ್ಕೆ ಅಂಟಿಕೊಂಡಿತು. ಕೊನೆಯ ಅಕ್ಷರ ಸ್ವಲ್ಪ ಸೊಟ್ಟಗಿದೆ, ಕೋಚ್. ಹೇಳಬಾರದು ಅಂದುಕೊಂಡಿದ್ದೆ.

ನಿಮ್ಮ ಹಿಂದೆ ಆ ದೊಡ್ಡ ಆಸಾಮಿ ಎಲ್ಮರ್ ಕೂಡ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದ. ಜೆರ್ಸಿಯನ್ನು ಹಿಂದುಮುಂದಾಗಿ ತೊಟ್ಟಿದ್ದ, ಕಾಲರು ಕತ್ತು ಹಿಸುಕುತ್ತಿತ್ತು, ಮುಖ ಬೀಟ್‌ರೂಟು. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನನಗೆ ಭಯವಾಯಿತು. ಅವನಿಗೂ ಒಂದು ಹೊಲಿದುಕೊಡಿ, ಪಾಪ.

ನೀವು ಬರೆದದ್ದನ್ನು ಕೋರಿನ್ ಓದಿ ಹೇಳಿದಾಗ ನಾನು ನಂಬಲಿಲ್ಲ. ನಂಬಬಾರದು ಅಂತಲ್ಲ, ನಂಬಲು ಭಯ. ಅದು ನಿಜವಾದರೆ ನಾನು ಊರು ಬಿಟ್ಟದ್ದು, ಜೂನಿಯನ್ನು ನಿಮ್ಮಿಂದ ಕಿತ್ತು ತಂದದ್ದು, ಎಲ್ಲವೂ ಒಂದು ತಪ್ಪು ನೋಟದ ಮೇಲೆ ಎಂದಾಗುತ್ತದಲ್ಲ. ಆ ತಪ್ಪು ಹಾಸ್ಕಿನ್ಸ್‌ನದಲ್ಲ, ನಿಮ್ಮದಲ್ಲ. ಇನ್ನೂ ಒಂದು ಕ್ಷಣ ತಲೆ ಎತ್ತಿ ನಿಂತಿದ್ದರೆ ನೀವು ಈ ಕಡೆ ತಿರುಗಿದ್ದು ಕಾಣುತ್ತಿತ್ತು. ನಾನು ನಿಲ್ಲಲಿಲ್ಲ.

ನವೆಂಬರಿನ ಹಬ್ಬಕ್ಕೆ ನೀವು ಇಲ್ಲಿಗೆ ಬರಬೇಕು. ಟರ್ಕಿ ಕೋಳಿಯ ಜೊತೆ ಆಲೂಗಡ್ಡೆ ನೀವೇ ಮಾಡಬೇಕು ಎಂದು ಜೂನಿಯ ಆಜ್ಞೆ. ಎಲೆಕೋಸಿನ ಆ ಖಾಲಿ ಪಾತ್ರೆ ನಿಮ್ಮ ಹತ್ತಿರವೇ ಇದೆಯಂತೆ, ತನ್ನಿ.

ಕೊನೆಯದಾಗಿ ಒಂದು ಮಾತು. ನನ್ನ ಮೊದಲ ಎಸೆತ ನೇರವಾಗಿ ಎದುರಾಳಿಯ ಕೈಗೆ ಹೋಯಿತು, ನೋಡಿದಿರಲ್ಲ. ಅಲ್ಲಿಂದಲೇ ಆಟ ಕೈತಪ್ಪಿತು. ತಪ್ಪು ಯಾರದು ಎಂದು ಪತ್ರಿಕೆಯವರು ಸುತ್ತುವರಿದು ಕೇಳಿದರು. ಬಿಸಿಲು ಕಣ್ಣಿಗೆ ಹೊಡೆಯಿತು ಅಂದೆ. ಅವತ್ತು ಮೋಡ ಕವಿದಿತ್ತು. ಕಣ್ಣು ತುಂಬಿಕೊಂಡು ನನಗೆ ಚೆಂಡೇ ಕಾಣಲಿಲ್ಲ. ಈ ಸಲದ ತಪ್ಪು ಪೂರ್ತಿ ನಿಮ್ಮದೇ, ಕೋಚ್.

ನಿಮ್ಮ
ವೇಡ್